ಗೈಡಮ್ಮನ ಮೇಲಿನ ಅನುಮಾನ

ಮುಗಿಯುವ ದಿನ ಹೇಳದ ಕೆಲಸವನ್ನು ನಾನು ನಂಬುವವಳಲ್ಲ. ಇಲ್ಲಿ ಮದ್ರಾಸಿನ ಪಲ್ಲಾವರಂ ಸಂತೆಯ ಹತ್ತಿರದ ಟೈಲರ್ ಒಬ್ಬ ನಾಳೆ ಬನ್ನಿ, ನಾಳೆ ಬನ್ನಿ ಎನ್ನುತ್ತಲೇ ನನ್ನ ರವಿಕೆ ಬಟ್ಟೆಯನ್ನು ತನ್ನ ಹೆಂಡತಿಗೆ ಹೊಲಿದುಕೊಟ್ಟಿದ್ದ. ಮೊಮ್ಮಗಳು ಸುಮಾ ಮಿದುಳಿನ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತೇನೆ ಎಂದಾಗ, ಯಾವಾಗ ಮುಗಿಯುತ್ತದೆ ಎಂದೇ ಮೊದಲು ಕೇಳಿದೆ. ನಮ್ಮ ಗೈಡ್ ಮೇಡಂ ಆಯಿತು ಅಂದಾಗ, ಎಂದಳು. ಅಲ್ಲಿಗೆ ನನಗೆ ಅನುಮಾನ ಹತ್ತಿತು.

ನಾನು ಓದಿದ್ದು ಮೂರನೇ ಕ್ಲಾಸು. ಅದಕ್ಕೂ ಒಂದು ಮುಗಿಯುವ ದಿನವಿತ್ತು, ಅಪ್ಪ ಸ್ಲೇಟು ಕಿತ್ತುಕೊಂಡ ದಿನ. ಇವಳದು ಐದು ವರ್ಷವಾದರೂ ಮುಗಿಯಲಿಲ್ಲ. ಬೆಳಿಗ್ಗೆ ವಡಪಳನಿಯಲ್ಲಿ ಬಸ್ಸು ಹತ್ತಿದರೆ ಸಂಜೆ ಇಲಿಯ ವಾಸನೆ ಹೊತ್ತು ಬರುವಳು. ಸ್ನಾನ ಮಾಡದೆ ಅಡುಗೆಮನೆಗೆ ನಾನು ಬಿಡುತ್ತಿರಲಿಲ್ಲ. ಇಲಿಯನ್ನು ಪೆಟ್ಟಿಗೆಯಲ್ಲಿಟ್ಟು ಗಂಟೆ ಬಾರಿಸಿ ಕಾಲಿಗೆ ಸಣ್ಣ ಶಾಕ್ ಕೊಡುತ್ತಾರಂತೆ. ಆಮೇಲೆ ಶಾಕ್ ಬಿಟ್ಟು ಬರೀ ಗಂಟೆ ಬಾರಿಸುತ್ತ ಹೋದರೆ ಇಲಿ ಹೆದರಿಕೆಯನ್ನು ಮರೆಯುತ್ತದೋ ಇಲ್ಲವೋ ಎಂದು ನೋಡುವುದು. ನಮ್ಮನೆಯಲ್ಲಿ ಇಲಿ ಹೆದರಿಸಲು ಪೊರಕೆ ಸಾಕಾಗಿತ್ತು.

ಇನ್ಶೂರೆನ್ಸ್ ಆಫೀಸಿನ ನನ್ನ ಮಗ ವಾಸುವಿಗೂ ತಾಳ್ಮೆ ಮುಗಿಯಿತು. ಅಂಬತ್ತೂರಿನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಹುಡುಗನೊಬ್ಬನ ಕಡೆಯವರು ಕಾಯುತ್ತಿದ್ದರು. ದೀಪಾವಳಿಯೊಳಗೆ ಮುಗಿಯದಿದ್ದರೆ ಓದು ಬಿಡಿಸುತ್ತೇನೆ ಎಂದ. ಸುಮಾ "ಸರಿಪ್ಪಾ" ಎಂದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ಮದ್ರಾಸಿನಲ್ಲಿ ಯಾರೂ ಸುಮ್ಮನೆ ಅಷ್ಟು ನೀರು ಹರಿಸುವುದಿಲ್ಲ. ಅಳುತ್ತಿದ್ದಾಳೆಂದು ತಿಳಿಯಿತು.

ನನ್ನ ಅನುಮಾನವೆಲ್ಲ ಗೈಡಮ್ಮನ ಮೇಲೆ. ಬಿಟ್ಟಿ ದುಡಿಯುವ ಹುಡುಗಿಯನ್ನು ಯಾರು ಬಿಡುತ್ತಾರೆ? ನಮ್ಮತ್ತೆ ಸಾಯುವ ತನಕ ನನಗೆ ಒಗ್ಗರಣೆ ಸೌಟು ಬಿಟ್ಟುಕೊಡಲಿಲ್ಲ. ಒಂದು ಮಧ್ಯಾಹ್ನ ಟಿಫಿನ್ ಕ್ಯಾರಿಯರ್ ಹಿಡಿದು ಕಾಲೇಜಿಗೇ ಹೋದೆ.

ಗೈಡಮ್ಮ ಮೊಸರನ್ನ ತಿನ್ನುತ್ತಿದ್ದಳು. ನಮ್ಮ ಮಗುವನ್ನು ಯಾವಾಗ ಬಿಡುತ್ತೀರಿ ಎಂದು ತಮಿಳಿನಲ್ಲಿ ನೇರವಾಗಿ ಕೇಳಿದೆ. ಆಕೆ ಸಿಟ್ಟಾಗಲಿಲ್ಲ, ಅಜ್ಜಿ ಎನ್ನುವಂತೆ ಪಾಟಿ ಎಂದೇ ಕರೆದಳು. "ನಾನೆಲ್ಲಿ ಹಿಡ್ಕೊಂಡಿದೀನಿ ಪಾಟಿ? ಏನಂದ್ರೂ 'ಎಸ್ ಮ್ಯಾಮ್' ಅಂತಾಳೆ. ನಾಳೆ ಹೊರಗಿನವರು ಕೂತು ಇವಳನ್ನ ಪ್ರಶ್ನೆ ಕೇಳ್ತಾರೆ. ಇಲ್ಲ ಅನ್ನೋಕೆ ಬಾರದವಳನ್ನ ಹೇಗೆ ಕಳಿಸಲಿ?" ಎಂದಳು. ನಯವಾದ ಮಾತು. ಅದಕ್ಕೂ ಅನುಮಾನಪಟ್ಟೆ.

ಸಂಜೆ ಇಬ್ಬರೂ ವಾಪಸು ಬರುವ ಬಸ್ಸಿನಲ್ಲಿ ಸುಮಾಳನ್ನು ಹಿಡಿದೆ. ಆಗ ಬಾಯಿಬಿಟ್ಟಳು. ಇಲಿ ಹೆದರಿಕೆ ಮರೆಯುತ್ತದೆ ಎಂದು ಗೈಡಮ್ಮ ಹಿಂದೆಯೇ ಬರೆದಿದ್ದಾಳಂತೆ. ಇವಳ ಇಲಿಗಳು ಮರೆಯುತ್ತಲೇ ಇಲ್ಲ. ತಪ್ಪು ತನ್ನದೇ ಇರಬೇಕೆಂದು ಇವಳು ಹೊಸ ಇಲಿ ತಂದು ಮತ್ತೆ ಮೊದಲಿನಿಂದ ಶುರು ಮಾಡುವುದು. ವರ್ಷಗಳು ಹೋದದ್ದು ಹೀಗೆ.

"ಹೋಗಿ ಹೇಳು," ಎಂದೆ.

"ದೊಡ್ಡವರ ಎದುರಿಗೆ ಎಪ್ಪಡಿ ಅಜ್ಜಿ, ಹೇಗೆ ಹೇಳೋದು?"

"ಮೊದ್ಲು ನನ್ನೆದುರು ಹೇಳಿ ನೋಡು."

ಅವಳು ಕಿಟಕಿಯ ಕಡೆ ತಿರುಗಿದಳು.

ನಮ್ಮನೆಯಲ್ಲಿ ದೊಡ್ಡವರು ಬಡಿಸಿದ್ದಕ್ಕೆ ಹೆಸರಿಡುವ ಪದ್ಧತಿಯಿಲ್ಲ. ಸುಮ್ಮನೆ ತಿಂದು ಏಳಬೇಕು. ಎರಡು ದಿನವಾದ ಮೇಲೆ ಊಟದ ನಡುವೆ ಸುಮಾ ತಲೆಯೆತ್ತಿ, "ಅಜ್ಜಿ, ಹುಳೀಲಿ ಉಪ್ಪು ಜಾಸ್ತಿ," ಎಂದಳು. ವಾಸುವಿನ ಕೈ ಬಾಯಿಯ ಹತ್ತಿರವೇ ನಿಂತಿತು. ನಾನು ರುಚಿ ನೋಡಿ ಇಲ್ಲ ಎಂದೆ. ಇದೆ ಎಂದಳು. ಕಿವಿ ಕೆಂಪಾಗಿತ್ತು, ತಲೆ ಮಾತ್ರ ತಗ್ಗಲಿಲ್ಲ.

ಸೋಮವಾರ ಗೈಡಮ್ಮನಿಗೂ ಹೇಳಿದಳು. ಆಕೆ ಲೆಕ್ಕವೆಲ್ಲ ತಿರುವಿಹಾಕಿ, ವಾರವಿಡೀ ಜಗಳವಾಡಿ, ಕೊನೆಗೆ ಹಾಗೇ ಬರೆ ಎಂದಳಂತೆ. ಈಗ ಸುಮಾ ಬರೆಯುತ್ತಿದ್ದಾಳೆ. ವಾಸು ದೀಪಾವಳಿಯ ಮಾತೆತ್ತುವುದಿಲ್ಲ. ಎತ್ತಿದರೆ ಮಗಳು ಉತ್ತರ ಕೊಡುತ್ತಾಳೆ.

ಹುಡುಗನ ಕಡೆಯವರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಅವನನ್ನು ಒಂದು ದಿನ ಊಟಕ್ಕೆ ಕರಿ ಎಂದು ವಾಸುವಿಗೆ ಹೇಳಿದ್ದೇನೆ. ಅವತ್ತು ಹುಳಿಗೆ ಬೇಕೆಂದೇ ಒಂದು ಹಿಡಿ ಉಪ್ಪು ಹೆಚ್ಚಿಗೆ ಹಾಕುತ್ತೇನೆ. ಎಲ್ಲ ಚೆನ್ನಾಗಿದೆ ಅಜ್ಜಿ ಎಂದನೋ, ನನ್ನ ಮುಂದಿನ ಅನುಮಾನ ಅವನ ಮೇಲೆ.