ಕತ್ತಿ ಕಟ್ಟಿದ ಕೈಗೆ ಗರಿ

ಹುಂಜದ ಕಾಲಿಗೆ ಕತ್ತಿ ಕಟ್ಟುವುದರಲ್ಲಿ ನನ್ನ ಗಂಡ ಪಾಪಣ್ಣನನ್ನು ಮೀರಿಸುವವರು ಜವನಗೊಂಡನಹಳ್ಳಿ ಸುತ್ತಮುತ್ತ ಯಾರೂ ಇರಲಿಲ್ಲ. ಆಂಧ್ರದ ಗಡಿಯಲ್ಲಿ ಕದ್ದುಮುಚ್ಚಿ ನಡೆಯುವ ಕೋಳಿ ಪಂದ್ಯಕ್ಕೂ ಅವನನ್ನೇ ಕರೆಯುತ್ತಿದ್ದರು. ಅವನು ದಾರ ಸುತ್ತಿ ಎಳೆದನೆಂದರೆ ಕೋಳಿ ಸತ್ತರೂ ಕತ್ತಿ ಕಳಚುತ್ತಿರಲಿಲ್ಲ. ಅದೇ ಅವನ ಹೆಮ್ಮೆ. ಆ ಹೆಮ್ಮೆಗಿಷ್ಟು ಬೆಂಕಿ ಹಾಕ.

ಹೋದ ಸಂಕ್ರಾಂತಿಯಲ್ಲಿ ಅವನು ಕತ್ತಿ ಕಟ್ಟಿದ ನಮ್ಮದೇ ಹುಂಜ ಅಖಾಡದಿಂದ ಹಾರಿ, ನೋಡುತ್ತ ನಿಂತಿದ್ದ ನನ್ನ ತಮ್ಮ ರಾಜಕುಮಾರನ ತೊಡೆ ಸೀಳಿತು. ಹಿರಿಯೂರಿನ ಆಸ್ಪತ್ರೆ ಮುಟ್ಟುವುದರೊಳಗೆ ರಕ್ತವೆಲ್ಲ ಆಟೋದಲ್ಲೇ ಹರಿದು ಸತ್ತ. ಹೆಣ ಮನೆಗೆ ಬಂದಾಗ ನಾನು ಮೊದಲು ಆ ಹುಂಜದ ಕತ್ತು ತಿರುಚಿದೆ. ಆಮೇಲೆ ಒಲೆ ಮುಂದಿನ ಸೌದೆ ತೆಗೆದು ಗಂಡನ ಬೆನ್ನಿಗೆ, ತಲೆಗೆ, ಸಿಕ್ಕ ಸಿಕ್ಕಲ್ಲಿ ಬಾರಿಸಿದೆ. ಅವನು ಕೈ ಅಡ್ಡ ತರಲಿಲ್ಲ.

"ಇನ್ನೊಂದ್ ಸಲ ಕತ್ತಿ ಮುಟ್ಟಿದ್ರೆ ಆ ಕೈ ನಾನೇ ಕಡೀತೀನಿ" ಎಂದೆ. ಅದೇ ಕೊನೆ, ಆಮೇಲೆ ಅವನ ಜೊತೆ ಮಾತು ಬಿಟ್ಟೆ. ತಟ್ಟೆಗೆ ಮುದ್ದೆ ಕುಕ್ಕುತ್ತಿದ್ದೆ, ಅಷ್ಟೇ.

ಕತ್ತಿ ಬಿಟ್ಟವನ ಕೈ ಸುಮ್ಮನಿರಬೇಕಲ್ಲ. ಮಾರಿಕಣಿವೆ ಜಲಾಶಯದಲ್ಲಿ ಗಾಳ ಹಾಕಲು ಚಿತ್ರದುರ್ಗದಿಂದ ಬರುತ್ತಿದ್ದ ಗಿರೀಶ್ ಎಂಬಾತ ಅವನಿಗೊಂದು ಹುಚ್ಚು ಹತ್ತಿಸಿದ. ಸಾಲ್ಮನ್ ಅಂತ ಚಳಿ ದೇಶದ ಮೀನು. ಅದನ್ನು ಮರುಳು ಮಾಡಲು ಗಾಳದ ಕೊಕ್ಕೆಗೆ ಬಣ್ಣದ ಗರಿ ಕಟ್ಟಿ ರೆಕ್ಕೆಯ ಹುಳು ಮಾಡುವುದು ಹಳೆಯ ಕಸುಬಂತೆ. ಈಗ ಎಷ್ಟೋ ಜನ ಮೀನಿಗಲ್ಲ, ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವುದಕ್ಕೇ ಕಟ್ಟುತ್ತಾರಂತೆ. ಥೂ, ಮಾಡಲು ಕೆಲಸವಿಲ್ಲದ ಜನ. ನಮ್ಮ ಕಣಿವೆಯ ಮೀನು ಅದನ್ನು ಮೂಸಿಯೂ ನೋಡಲಿಕ್ಕಿಲ್ಲ.

ಪಾಪಣ್ಣ ಜಗಲಿಯಲ್ಲಿ ಕೂತು ಕಲಿತ. ಬಣ್ಣ ಹಾಕಿದ ಬಾತುಕೋಳಿ ಗರಿಗಳಿಂದ ಎಳೆ ಬಿಡಿಸಿ, ಕೆಂಪು, ಹಳದಿ, ನೀಲಿ ಪಕ್ಕಪಕ್ಕ ಇಟ್ಟು ಸವರಿದರೆ ಅವು ಒಂದನ್ನೊಂದು ಕಚ್ಚಿಕೊಂಡು ಒಂದೇ ಗರಿಯಾಗುತ್ತವೆ. ಹುಳುವಿನ ಎಡ ರೆಕ್ಕೆಗೆ ಬಾತಿನ ಎಡ ರೆಕ್ಕೆಯ ಗರಿಯೇ ಬೇಕು, ಬಲಕ್ಕೆ ಬಲದ್ದೇ. ಅಲ್ಲಿವರೆಗೆ ಚೆನ್ನಾಗಿಯೇ ಮಾಡುತ್ತಿದ್ದ. ರೇಷ್ಮೆ ದಾರ ಸುತ್ತುವಾಗ ಮಾತ್ರ ಕತ್ತಿ ಕಟ್ಟಿದ ಹಾಗೆ ಜಗ್ಗುತ್ತಿದ್ದ, ರೆಕ್ಕೆ ಮುರುಟಿಕೊಳ್ಳುತ್ತಿತ್ತು.

"ಮೆಲ್ಲಗೆ ಎಳೀರಿ ಪಾಪಣ್ಣ, ಅದೇನ್ ಹುಂಜದ ಕಾಲಲ್ಲ" ಎಂದು ಗಿರೀಶ್ ನಕ್ಕ.

"ಬಿಗಿಯೋದು ಬಿಟ್ರೆ ನಂಗೇನೂ ಗೊತ್ತಿಲ್ಲ ಸ್ವಾಮಿ" ಎಂದ ನನ್ನ ಗಂಡ.

ಮಳೆಗಾಲ ಕಳೆದ ಮೇಲೆ ಒಂದು ಜೊತೆ ರೆಕ್ಕೆ ನೆಟ್ಟಗೆ ಕೂತಿತು. ನನ್ನ ಕಡೆ ಎತ್ತಿ ತೋರಿಸಿದ. ನಾನು ಮುಖ ತಿರುಗಿಸಿದೆ. ಚೆಂದವಿತ್ತು, ಅದಕ್ಕೇ ಹೊಟ್ಟೆ ಉರಿಯಿತು.

ಈ ಸಂಕ್ರಾಂತಿ ಹತ್ತಿರ ಬಂದಾಗ, ಪಂದ್ಯ ನಡೆಸುವ ಹನುಮಂತಪ್ಪ ಇಬ್ಬರನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದ.

"ಹೋಗಾಣ ನಡಿಯಪ್ಪ. ನೀನಿಲ್ದೆ ಒಂದು ಕತ್ತೀನೂ ನಿಲ್ತಿಲ್ಲ."

"ನಾನು ಬರಲ್ಲ" ಎಂದ ಪಾಪಣ್ಣ.

"ಪುಕ್ಕ ಕಟ್ಟಾಕೆ ಕೈ ಐತೆ, ನಮ್ಗಿಲ್ವೇನಲೇ?"

ಪಾಪಣ್ಣನ ಕೆನ್ನೆಗೆ ಬಿತ್ತು. ಹಲ್ಲು ಮುರಿದು ರಕ್ತ ಉಗುಳಿದ. ಆಮೇಲೂ ಬರಲ್ಲ ಎಂದೇ ಅಂದ. ಅವನನ್ನು ಅಂಗಳಕ್ಕೆ ಎಳೆದು ಕೆಡವಿದರು. ಬಲಗೈಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒತ್ತಿ ಹಿಡಿದು ರುಬ್ಬುಗುಂಡಿನಿಂದ ಜಜ್ಜಿದರು. ಎಲುಬು ಲಟಕ್ಕೆಂದಿತು.

ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಯಿತು. ತಮ್ಮನನ್ನು ತಿಂದ ಕೈ ಹಾಳಾಗಲಿ ಎಂದು ಬಾಗಿಲಲ್ಲೇ ನಿಂತು ನೋಡಿದೆ.

"ಕೈ ಹೋದ್ರೆ ಹೋಗ್ಲಿ. ಬಂದು ನಮ್ಮೋರಿಗೆ ಹೇಳ್ಕೊಡು" ಎಂದ ಹನುಮಂತಪ್ಪ.

ಪಾಪಣ್ಣ ಎಡಗೈಯನ್ನು ತಾನೇ ಎತ್ತಿ ಕಲ್ಲಿನ ಮೇಲಿಟ್ಟ.

ಹೇಗೆ ಓಡಿದೆನೋ ತಿಳಿಯದು. ಆ ಕೈ ಮೇಲೆ ಬೋರಲು ಬಿದ್ದೆ. ಎತ್ತಿದ ಗುಂಡು ನನ್ನ ಹೆಗಲಿಗೆ ಬಿತ್ತು, ಕಣ್ಣು ಕತ್ತಲಿಟ್ಟಿತು.

"ಕೈ ಹಿಂದಕ್ಕೆ ತಕ್ಕಳಲೇ, ಕೈ ತಕ್ಕ" ಎಂದು ಅವನಿಗೆ ಅಂದೆ. ತಮ್ಮ ಸತ್ತ ಮೇಲೆ ಗಂಡನ ಜೊತೆ ನಾನಾಡಿದ ಮೊದಲ ಮಾತು ಅದು. ಅವನು ಕೈಯನ್ನು ನನ್ನಡಿಯಿಂದ ಎಳೆದುಕೊಂಡು ನನ್ನ ತಲೆಯ ಮೇಲೆ ಅಡ್ಡ ಹಿಡಿದ.