ಬಸದಿಯ ಕಂಬದಲ್ಲಿ ಮೂರು ಮುಖ

ಹೆಣ್ಣು ನೋಡುವ ಶಾಸ್ತ್ರಕ್ಕೆ ನಮ್ಮ ಕಡೆ ಈಗ ದೇವಸ್ಥಾನವೇ ವಾಸಿ. ಮನೆಗೆ ಬಂದು, ಕೇಸರಿಬಾತು ತಿಂದು, ಆಮೇಲೆ ಬೇಡ ಅಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ದೇವಸ್ಥಾನದಲ್ಲಾದರೆ ಅಕಸ್ಮಾತ್ ಸಿಕ್ಕವರ ಹಾಗೆ ಸಿಕ್ಕಿ, ಒಪ್ಪಿಗೆಯಾಗದಿದ್ದರೆ ಅವರವರ ಬಸ್ಸು ಹತ್ತಿದರಾಯಿತು. ಕಳೆದ ವರ್ಷ ನನ್ನ ಮಗಳಿಗೆ ಮಾದಿಹಳ್ಳಿಯಿಂದ ಒಂದು ಸಂಬಂಧ ಬಂದಾಗ ಹಳೇಬೀಡಿನಲ್ಲಿ ಸೇರುವುದೆಂದು ಮಾತಾಯಿತು. ಹುಡುಗ ಬೇಲೂರಿನಲ್ಲಿ ದನದ ಡಾಕ್ಟರು. ಮಗಳು ನಮ್ಮ ಅರಸೀಕೆರೆಯಲ್ಲೇ ಶಾಲೆಯ ಟೀಚರು.

ಅದಕ್ಕೂ ಮುಂಚೆ ಒಬ್ಬ ಹುಡುಗ ಅಣ್ಣನ ಜೊತೆ ಮನೆಗೇ ಬಂದು ಹೋಗಿದ್ದ. ಒಳ್ಳೆ ಕೆಲಸ, ಒಳ್ಳೆ ಮನೆತನ. ನಮ್ಮೂರಿನ ಶಿವಾಲಯದ ಮಂಟಪದ ವಿಷಯವನ್ನು ನಾನು ಅವನಿಗೆ ಬಿಡಿಸಿ ಬಿಡಿಸಿ ಹೇಳಿದ್ದೆ. ಅವರು ಒಪ್ಪಿದರು, ಮಗಳು ಮಾತ್ರ ಬೇಡ ಅಂದಳು. ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ. ಈ ಸಲ ಹೊರಡುವ ಮುಂಚೆಯೇ ಷರತ್ತು ಹಾಕಿದಳು.

“ಅಪ್ಪಾ, ಬಸದಿ ಹತ್ರ ನಮ್ಮಿಬ್ಬರನ್ನೇ ಸ್ವಲ್ಪ ಹೊತ್ತು ಬಿಡಬೇಕು. ಅವರನ್ನ ಒಂದು ಮಾತು ಕೇಳೋದಿದೆ. ಉತ್ತರ ಸಿಗದೆ ನಾನು ಹೂಂ ಅನ್ನಲ್ಲ.”

“ಅಯ್ಯೋ, ಅಲ್ಲಿ ನನಗೇನು ಕೆಲಸ ತಾಯಿ,” ಅಂದೆ.

ಹೆಂಡತಿ ನನ್ನ ಮುಖ ನೋಡಿ, “ಬಾಯಿಗೆ ಬೀಗ ಹಾಕ್ಕೊಂಡು ಬನ್ನಿ,” ಅಂದಳು. ದೇವರಾಣೆಗೂ ಹಾಗೇ ಮಾಡಬೇಕೆಂದಿದ್ದೆ.

ನನ್ನದು ಕೊಬ್ಬರಿ ವ್ಯಾಪಾರ. ಕೊಬ್ಬರಿ ಬಿಟ್ಟರೆ ನನಗೆ ಚೆನ್ನಾಗಿ ಗೊತ್ತಿರುವುದು ಹೊಯ್ಸಳರ ಶಿಲ್ಪ ಅಂತ ನನ್ನ ನಂಬಿಕೆ. ಆ ಪಾಂಡಿತ್ಯವೆಲ್ಲ ಬೇರೆಯವರು ದುಡ್ಡು ಕೊಟ್ಟು ಕರೆದುಕೊಂಡು ಬಂದ ಗೈಡುಗಳ ಹಿಂದೆ, ಗೋಡೆ ನೋಡುವವನ ಹಾಗೆ ನಟಿಸುತ್ತಾ ನಡೆದು ಸಂಪಾದಿಸಿದ್ದು. ನೆಂಟರು ಬಂದರೆ ಸಾಕು, ಬೇಲೂರು ಹಳೇಬೀಡಿಗೆ ಎಳೆದುಕೊಂಡು ಹೋಗುತ್ತೇನೆ. ಅದೇ ನೆಂಟರು ಇನ್ನೊಮ್ಮೆ ಬಂದಾಗ, ಮಾಲೇಕಲ್ಲಿನ ದೇವರಿಗೆ ಹರಕೆ ಇದೆ, ಪುರುಸೊತ್ತಿಲ್ಲ ಅನ್ನುತ್ತಾರೆ.

ಹೊಯ್ಸಳೇಶ್ವರನ ಗುಡಿಯ ಮುಂದೆ ಹುಡುಗ, ಅವನ ತಾಯಿ ಸಿಕ್ಕರು. ಹುಡುಗ ಎತ್ತರದ ಆಳು, ಮಾತು ಕಡಿಮೆ. ಅದೇ ಕೇಡಾಯಿತು. ಸುಮ್ಮನೆ ನಿಂತವರನ್ನು ಕಂಡರೆ ನನ್ನ ನಾಲಿಗೆ ತುರಿಸುತ್ತದೆ. “ಕೆಳಗಿನ ಸಾಲು ನೋಡಿ, ಆನೆ. ಒಂದರ ಹಾಗೆ ಇನ್ನೊಂದಿಲ್ಲ,” ಎಂದು ಶುರುಮಾಡಿದೆ. ಆನೆಯಾದ ಮೇಲೆ ಸಿಂಹ, ಸಿಂಹವಾದ ಮೇಲೆ ಬಳ್ಳಿ, ಆಮೇಲೆ ಕುದುರೆ. ನಾನು ನೆರಳಿನಲ್ಲಿ, ಅವನು ಬರಿಗಾಲಿನಲ್ಲಿ ಕಾದ ಕಲ್ಲಿನ ಮೇಲೆ. ಪಾಪ, ಕಾಲು ಬದಲಾಯಿಸುತ್ತಾ ನಿಂತಿದ್ದ. ಶಿಲ್ಪ ನೋಡಿ ಮೈಮರೆತಿದ್ದಾನೆ ಅಂದುಕೊಂಡೆ.

“ಇವೆರಡೂ ಒಂದೇ ಥರ ಕಾಣ್ತವಲ್ಲ ಸರ್?” ಅಂದ, ಎರಡು ಆನೆ ತೋರಿಸಿ.

“ಸೊಂಡಿಲು ನೋಡಿ, ಸೊಂಡಿಲು!” ಅಂದೆ. ಸೊಂಡಿಲೂ ಒಂದೇ ಥರ ಇತ್ತು. ಅವನು ನಗು ತಡೆದುಕೊಂಡು “ಹೌದು ಸರ್” ಅಂದ.

ಕೊನೆಗೂ ಅವರಿಬ್ಬರೇ, ಗುಡಿಯಿಂದ ಸ್ವಲ್ಪ ದೂರವಿರುವ ಜೈನ ಬಸದಿಯ ಕಡೆ ಹೊರಟರು. ಅಲ್ಲಿಗೆ ಜನ ಹೋಗುವುದು ಕಡಿಮೆ. ಹೆಂಡತಿ ನನ್ನನ್ನು ಹುಲ್ಲಿನ ಮೇಲೆ ಕೂರಿಸಿ, ಕೈಗೆ ಕಡಲೆಕಾಯಿ ಪೊಟ್ಟಣ ಕೊಟ್ಟಳು. ತಡೆದುಕೊಂಡೆ ಕಣ್ರೀ, ನಿಜವಾಗಿಯೂ ತಡೆದುಕೊಂಡೆ. ಆದರೆ ಬಸದಿಯ ಕಂಬಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ಎಲ್ಲಿ ನಿಂತರೆ ಮುಖ ಕಾಣುತ್ತದೆ ಅಂತ ಹೇಳುವವರಿಲ್ಲದೆ ಅಷ್ಟು ದೂರ ಹೋಗಿ ಪ್ರಯೋಜನವೇನು? ಹೆಂಡತಿ ಹುಡುಗನ ತಾಯಿಯ ಕಡೆ ತಿರುಗಿದ್ದೇ ತಡ, ಎದ್ದೆ.

ನಾನು ಒಳಗೆ ಕಾಲಿಟ್ಟಾಗ ಮಗಳು, “ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು,” ಅನ್ನುತ್ತಿದ್ದಳು.

“ಅಲ್ಲಲ್ಲ, ಇಲ್ಲಿ ನಿಲ್ಲಿ, ಇಲ್ಲಿ!” ಅಂದೆ. ಹುಡುಗನ ಭುಜ ಹಿಡಿದು ನಿಲ್ಲಿಸಿದೆ, ಸ್ವಲ್ಪ ಬಗ್ಗಿಸಿದೆ. ಕಂಬದಲ್ಲಿ ಮೂರು ಮುಖ ಕಂಡವು. ನಡುವೆ ನನ್ನದು, ಬಾಯಿ ತೆರೆದುಕೊಂಡು. ಮಗಳು ಹೊರಗೆ ಹೋಗಿ ಬಾಗಿಲ ಹತ್ತಿರ ನಿಂತಳು. ನಾನು ಇನ್ನೂ ಕಂಬ ಕಡೆದ ರೀತಿ ಹೇಳುತ್ತಲೇ ಇದ್ದೆ, ಅವನು ಕೇಳುತ್ತಲೇ ಇದ್ದ.

ವಾಪಸು ಬಂದಾಗ ಹುಡುಗನ ತಾಯಿ ನಗುತ್ತಾ, “ಎಲ್ಲಾ ತೋರ್ಸಿದ್ರಾ? ಚಿಕ್ಕೋನಿದ್ದಾಗ ರಜಾ ಬಂದ್ರೆ ಇಲ್ಲೇ ಇರೋನು. ಕಂಬ ಕಂಬನೂ ಗೊತ್ತೈತೆ ಇವ್ನಿಗೆ,” ಅಂದರು.

ಮಾದಿಹಳ್ಳಿ ಇಲ್ಲೇ ಹತ್ತಿರದಲ್ಲಿದೆ ಅನ್ನುವುದು ನನಗೆ ಆಗ ನೆನಪಾಯಿತು. ಬೆಳಗಿನಿಂದ ನಾನು ಅಜ್ಜಿಗೆ ಕೆಮ್ಮು ಕಲಿಸುತ್ತಿದ್ದೆ. ನಾಚಿಕೆಯಿಂದ ಕಡಲೆಕಾಯಿಯನ್ನು ಸಿಪ್ಪೆ ಸಮೇತ ಬಾಯಿಗೆ ಹಾಕಿಕೊಂಡೆ.

ಬಸ್ಸಿನಲ್ಲಿ ಹೆಂಡತಿ, “ಈ ಸಂಬಂಧನೂ ಹೋಯ್ತು. ಮಗಳು ಕೇಳಿದ್ದು ಒಂದೇ ಒಂದು, ಅದೂ ನಿಮ್ಮ ಕೈಲಾಗ್ಲಿಲ್ಲ,” ಎಂದು ಕಣ್ಣೊರೆಸಿಕೊಂಡಳು. ಜಾವಗಲ್ ಬರುವವರೆಗೂ ನಾನು ತಲೆ ಎತ್ತಲಿಲ್ಲ.

“ತಪ್ಪಾಯ್ತು ಮಗಾ. ಫೋನ್ ಮಾಡಿಯಾದರೂ ಆ ಮಾತು ಕೇಳಮ್ಮ,” ಅಂದೆ.

“ಬೇಡಪ್ಪ. ಉತ್ತರ ಸಿಕ್ತು. ಹೂಂ ಅಂತ ಹೇಳಿಬಿಡಿ.”

“ನೀನು ಕೇಳಲೇ ಇಲ್ವಲ್ಲೇ?”

ಅವಳು ಕಿಟಕಿಯ ಕಡೆಯಿಂದ ತಿರುಗಿದಳು. “ಹೋದ ಸಲ ಬಂದವನು, ನೀವು ಮಂಟಪದ ವಿಷಯ ಹೇಳ್ತಿದ್ದಾಗ ಅವರಣ್ಣನ ಕಡೆ ನೋಡಿ ಕಣ್ಣು ಹೊಡೆದು ನಕ್ಕ. ನೀವು ನೋಡಲಿಲ್ಲ. ನಮ್ಮಪ್ಪ ತುಂಬಾ ಮಾತಾಡ್ತಾರೆ, ಕೂತು ಕೇಳಿಸ್ಕೋತೀರಾ ಅಂತ ಇವರನ್ನ ಕೇಳಬೇಕಿತ್ತು. ಅಷ್ಟೇ.”

ಬಾಣಾವರ ದಾಟಿದರೂ ನನಗೆ ಮಾತು ಹೊರಡಲಿಲ್ಲ. ಜ್ವರವೇನಾದರೂ ಬಂತೋ ಅಂತ ಹೆಂಡತಿ ನನ್ನ ಹಣೆ ಮುಟ್ಟಿ ನೋಡಿದಳು.