ಹದಿಮೂರು ಸುತ್ತು ಎಣಿಸುವ ನೀರುಗಂಟಿ

ಬೆಳಗಿನ ಐದು ಗಂಟೆ. ಕೆಳಗಿನ ಬೀದಿಯ ತಿರುವಿನಲ್ಲಿ ಕಬ್ಬಿಣದ ಮುಚ್ಚಳವೊಂದು ಪಕ್ಕಕ್ಕೆ ಸರಿದಿದೆ. ಮೊಣಕಾಲುದ್ದದ ಗುಂಡಿಯೊಳಗೆ ನಿಂತ ನೀರುಗಂಟಿ, ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ವಾಲ್ವಿನ ತಲೆಗೆ ಕೂರಿಸಿ ತಿರುಗಿಸುತ್ತಿದ್ದಾರೆ. ತುಟಿ ಮಾತ್ರ ಅಲ್ಲಾಡುತ್ತಿದೆ. ಮೂಲೆಮನೆಯ ಅಜ್ಜಿ ಕೊಡ ಹಿಡಿದು ಬಾಗಿಲಿಗೆ ಬಂದು, "ಏನಪ್ಪಾ, ಇವತ್ತಾದ್ರೂ ಜೋರಾಗಿ ಬರುತ್ತಾ?" ಎನ್ನುತ್ತಾರೆ. ನೀರುಗಂಟಿ ಕೈಯೆತ್ತಿ ಸುಮ್ಮನಿರಿಸುತ್ತಾರೆ. ಹದಿಮೂರನೆಯ ಸುತ್ತು ಮುಗಿದ ಮೇಲೆಯೇ ಬಾಯಿ ಬಿಡುವುದು.

"ಎಣಿಸುವಾಗ ಮಾತಾಡಿಸಬೇಡಿ ಅಜ್ಜಿ. ತಪ್ಪಿದ್ರೆ ನಿಮ್ಮನೆ ಒಳಗೇ ಈಜಬೇಕಾಗುತ್ತೆ."

"ಹೋದ ವರ್ಷ ಈಜಿದ್ದೀನಲ್ಲಪ್ಪಾ, ಅದೇನು ಹೊಸದೇ!" ಎಂದು ಅಜ್ಜಿ ಬೊಚ್ಚುಬಾಯಿ ಬಿಟ್ಟು ನಗುತ್ತಾರೆ. ನೀರುಗಂಟಿಯೂ ನಗುತ್ತಾರೆ. ಈ ಮಾತಿಗೆ ನಗುವಷ್ಟು ಹಗುರವಾಗಲು ಅವರಿಗೆ ತಿಂಗಳುಗಳೇ ಬೇಕಾದವು.

ಅವರಿಗೀಗ ಐವತ್ತೇಳು. ಈ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ. ಮೂವತ್ತೆಂಟು ವಾಲ್ವು, ದಿನಕ್ಕೆ ಒಂಬತ್ತು ಕಿಲೋಮೀಟರ್ ನಡಿಗೆ, ಎರಡು ಸಾವಿರದಷ್ಟು ಮನೆಗಳ ನಲ್ಲಿ. ಯಾವುದನ್ನು ಯಾವಾಗ, ಎಷ್ಟು ಸುತ್ತು ತಿರುಗಿಸಬೇಕೆಂಬುದಕ್ಕೆ ನಕ್ಷೆಯಿಲ್ಲ, ಪುಸ್ತಕವಿಲ್ಲ. ಇರುವುದೆಲ್ಲ ಅವರ ತಲೆಯಲ್ಲೇ. "ಒಂದೊಂದು ವಾಲ್ವಿಗೂ ಒಂದೊಂದು ಬುದ್ಧಿ. ಶಾಲೆ ಹಿಂದಿನದು ಎಮ್ಮೆ ಥರ, ಎಷ್ಟು ತಳ್ಳಿದ್ರೂ ಏಳಲ್ಲ. ಈ ಕೆಳಗಿನ ಬೀದೀದು ಮುಂಗೋಪಿ. ಒಂದು ಸುತ್ತು ಹೆಚ್ಚಾದ್ರೆ ಹಳೇ ಪೈಪಿನ ಬೆಸುಗೆ ಕಿತ್ಕೊಳ್ಳುತ್ತೆ, ಕಮ್ಮಿಯಾದ್ರೆ ತುದಿ ಮನೆಗೆ ನೀರು ಹತ್ತಲ್ಲ."

ಹೋದ ವರ್ಷ ಆ ಲೆಕ್ಕವೇ ತಪ್ಪತೊಡಗಿತು. ಏಳೋ ಎಂಟೋ ಎಂದು ನಡುವೆ ನಿಂತುಬಿಡುವುದು. ತೆರೆದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗುವುದು. ಒಂದು ದಿನ ತೆರೆದಿದ್ದ ವಾಲ್ವನ್ನೇ ಮತ್ತೆ ತೆರೆದರು. ಬೆಸುಗೆ ಕಿತ್ತು ಮೂರು ಮನೆಗಳಿಗೆ ನೀರು ನುಗ್ಗಿತು, ಮೇಲಿನ ಬೀದಿ ಎರಡು ದಿನ ಒಣಗಿತು. ನೀರು ಸರಬರಾಜು ಕಚೇರಿಯ ಎಂಜಿನಿಯರ್ ಕೀಲಿಯನ್ನು ಇಸಿದುಕೊಂಡು, "ಮೊದಲು ತೋರಿಸಿಕೊಂಡು ಬನ್ನಿ," ಎಂದರು. ಹತ್ತಿರದ ಚಿಕಿತ್ಸಾಲಯದವರು ಚೀಟಿಯಲ್ಲಿ ಬರೆದದ್ದು ಒಂದೇ ಸಾಲು: ಕಾಗ್ನಿಟಿವ್ ಡಿಸಾರ್ಡರ್, ಕಾರಣ ನಿರ್ದಿಷ್ಟವಾಗಿಲ್ಲ.

ಆ ಸಾಲು ಊರಿಗೆಲ್ಲ ಹಬ್ಬಿತು. ಅರಳುಮರಳು ಎಂದರು ಕೆಲವರು, ಇನ್ನಾರು ತಿಂಗಳಲ್ಲಿ ಹೆಂಡತಿಯ ಗುರುತೂ ಸಿಗದು ಎಂದರು ಹಲವರು. ನೀರುಗಂಟಿಗೆ ಬೆಳಗಿನ ನಾಲ್ಕೂವರೆಗೆ ತಾನಾಗಿ ಎಚ್ಚರವಾಗುತ್ತಿತ್ತು. ಎದ್ದು ಹೋಗಲು ಕೆಲಸವಿರಲಿಲ್ಲ. "ಪಕ್ಕದಲ್ಲಿ ಮಲಗಿರೋ ಇವಳ ಮುಖ ನೋಡಿ, ಇವಳು ಯಾರು, ಅಪ್ಪನ ಮನೆ ಯಾವುದು ಅಂತ ನನಗೆ ನಾನೇ ಪರೀಕ್ಷೆ ಕೊಡ್ತಿದ್ದೆ," ಎನ್ನುತ್ತಾರೆ.

ಹೆಂಡತಿ ಮಾತ್ರ ಊರ ಬಾಯಿಗೆ ಕಿವಿಗೊಡಲಿಲ್ಲ. ಗಂಡನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ಡಾಕ್ಟರಮ್ಮ ಮರೆವು ಯಾವಾಗಿನಿಂದ ಎಂದು ಕೇಳಿದಾಗ ಉತ್ತರಿಸಿದ್ದೂ ಅವರೇ. "ನಾನು ಹೇಳಿದ ಸಾಮಾನು ತರೋದನ್ನ ಮದುವೆಯಾದಾಗಿಂದ ಮರೀತಾರೆ, ಅದನ್ನ ಲೆಕ್ಕಕ್ಕೆ ತಗೋಬೇಡಿ. ವಾಲ್ವು ಮರೆಯೋದು ಒಂದು ವರ್ಷದಿಂದ."

ಡಾಕ್ಟರಮ್ಮ ನಕ್ಕು, ಚೀಟಿಯನ್ನು ಮೇಜಿನ ಮೇಲಿಟ್ಟು ವಿವರಿಸಿದರು. ಇದು ಒಂದು ರೋಗದ ಹೆಸರಲ್ಲ. ನೆನಪು, ಗಮನ, ಲೆಕ್ಕ ಇವುಗಳಲ್ಲಿ ಏನೋ ಎಡವಟ್ಟಾಗಿದೆ ಎಂದಷ್ಟೇ ಇದರ ಅರ್ಥ. ಕಾರಣ ಹತ್ತಾರು ಇರಬಹುದು. ಕೆಲವಕ್ಕೆ ಮದ್ದಿದೆ, ಕೆಲವಕ್ಕೆ ಇಲ್ಲ.

ನೀರುಗಂಟಿ ಕುರ್ಚಿಯ ತುದಿಗೆ ಸರಿದು ಕುಳಿತರು. "ಅಂದ್ರೆ ಇದು 'ನೀರು ಬರ್ತಿಲ್ಲ' ಅಂತ ದೂರು ಬರೆದ ಹಾಗೆ. ಟ್ಯಾಂಕು ಖಾಲಿಯಾ, ಮೋಟ್ರು ಸುಟ್ಟಿದೆಯಾ, ಪೈಪು ಒಡೆದಿದೆಯಾ, ಯಾರೂ ಇನ್ನೂ ನೋಡಿಲ್ಲ."

"ಅಷ್ಟೇ. ಈಗ ನೋಡೋಣ. ದಿನಾ ಏನೇನು ಮಾತ್ರೆ ನುಂಗ್ತೀರಿ?"

ಮಾರನೆಯ ದಿನ ಹೆಂಡತಿ ಮನೆಯ ಮಾತ್ರೆ ಡಬ್ಬಿಯನ್ನೇ ತಂದು ಮೇಜಿನ ಮೇಲೆ ಸುರಿದರು. ವರ್ಷಗಟ್ಟಲೆ ಬರಿಗಾಲಲ್ಲಿ ಗುಂಡಿಯ ನೀರಿನಲ್ಲಿ ನಿಂತು ನೀರುಗಂಟಿಯ ಕಾಲಿಗೆ ಕೆರೆತ ಹತ್ತಿತ್ತು. ಅಂಗಡಿಯಲ್ಲಿ ಕೇಳಿ ತಂದ ತುರಿಕೆ ಮಾತ್ರೆಯನ್ನು ಬೆಳಿಗ್ಗೆ ಎರಡು, ರಾತ್ರಿ ಎರಡರಂತೆ ಹದಿನಾಲ್ಕು ತಿಂಗಳಿಂದ ನುಂಗುತ್ತಿದ್ದರು. ತುರಿಕೆಗೂ ತಲೆಗೂ ನಂಟಿದೆಯೆಂದು ಯಾರು ಎಣಿಸಿಯಾರು? ಈ ಮಾತ್ರೆ ವಯಸ್ಸಾದವರಿಗೆ ಮಂಪರು, ಮರೆವು ತರುತ್ತದೆ ಎಂದರು ಡಾಕ್ಟರಮ್ಮ. ರಕ್ತದಲ್ಲಿ ವಿಟಮಿನ್ ಬಿ ಹನ್ನೆರಡೂ ತಳ ಕಂಡಿತ್ತು. ಮಾತ್ರೆ ನಿಂತಿತು. ಸೂಜಿಮದ್ದು, ಕಾಲಿಗೆ ಮುಲಾಮು, ರಬ್ಬರ್ ಬೂಟು ಬಂದವು.

ಮೂರನೆಯ ವಾರಕ್ಕೆ ಮಂಜು ಸರಿದ ಹಾಗಾಯಿತಂತೆ. ಏಳು ವಾರದ ನಂತರ ಮತ್ತೆ ಪರೀಕ್ಷೆ. ನೂರರಿಂದ ಏಳೇಳು ಕಳೆಯಿರಿ ಎಂದರೆ, ಸಾಕು ಎನ್ನುವವರೆಗೂ ಕಳೆದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು, ಮೂವತ್ತೆಂಟು ವಾಲ್ವುಗಳ ಸುತ್ತನ್ನೂ ಒಂದೊಂದಾಗಿ ಹೆಂಡತಿಗೆ ಒಪ್ಪಿಸಿದರು. "ನನಗೇನು ಗೊತ್ತು, ಸರಿಯೋ ತಪ್ಪೋ? ಸುಮ್ಮನೆ ಹೂಂ ಹೂಂ ಅಂದೆ," ಎನ್ನುವಾಗ ಆಕೆಯ ಕಣ್ಣು ತುಂಬಿ ಬರುತ್ತದೆ. ಮರುವಾರ ಎಂಜಿನಿಯರ್ ಕೀಲಿ ಹಿಂತಿರುಗಿಸಿದರು.

ಎಲ್ಲವೂ ಮೊದಲಿನಂತಾಗಿದೆಯೇ? ಇಲ್ಲ. ಸಣ್ಣಪುಟ್ಟ ಹೆಸರುಗಳು ಈಗಲೂ ಜಾರುತ್ತವೆ. ಅದರಲ್ಲಿ ವಯಸ್ಸಿನ ಪಾಲೂ ಇರಬಹುದು, ಆರು ತಿಂಗಳಿಗೊಮ್ಮೆ ಬನ್ನಿ ಎಂದಿದ್ದಾರೆ ಡಾಕ್ಟರಮ್ಮ. ತೆರೆದ ಪ್ರತಿ ವಾಲ್ವಿನ ಮುಚ್ಚಳದ ಮೇಲೂ ಸೀಮೆಸುಣ್ಣದಲ್ಲಿ ಗೀಟು ಹಾಕಬೇಕೆಂಬುದು ಎಂಜಿನಿಯರ್ ಕಟ್ಟಳೆ. ಮೊದಮೊದಲು ಅವಮಾನವೆನಿಸಿತ್ತು, ಈಗ ಅಭ್ಯಾಸವಾಗಿದೆ.

ನಲ್ಲಿಯಲ್ಲಿ ನೀರು ಬಂದಿದೆ. ಅಜ್ಜಿ ಒಳಗೆ ಹೋಗಿಯಾಯಿತು. ಮುಂದೇನು ಆಸೆ ಎಂದು ಕೇಳಿದರೆ, ನೀರುಗಂಟಿ ಮುಚ್ಚಳವನ್ನು ಕಾಲಿನಿಂದ ಸರಿಸಿ ಕೂರಿಸಿ, ಅದರ ಮೇಲೆ ಸೀಮೆಸುಣ್ಣದ ಗೀಟು ಎಳೆಯುತ್ತಾರೆ.

"ಒಂದಿನ ನಿಜವಾಗಿ ಮರೆವು ಬಂದರೂ ಬರಬಹುದು. ಬರಲಿ. ಆದ್ರೆ ಈ ಕೀಲೀನ ಇನ್ನೊಬ್ಬರು ನನ್ನ ಕೈಯಿಂದ ಇಸ್ಕೊಳ್ಳೋ ಹಾಗಾಗಬಾರದು. 'ಸಾರ್, ಇನ್ನು ನನ್ನ ಕೈಲಾಗಲ್ಲ, ತಗೊಳ್ಳಿ' ಅಂತ ನಾನೇ ಹೋಗಿ ಕೊಡಬೇಕು. ಅಷ್ಟು ತಿಳಿವು ಉಳಿದ್ರೆ ಸಾಕು."